ಕ್ಯಾಲೆಂಡರಿನಲ್ಲಿ ಬರೆದಿಟ್ಟ ವಾಸನೆ

ಜಮಖಂಡಿಯ ನಿವೃತ್ತ ಗಣಿತ ಮಾಸ್ತರರೊಬ್ಬರ ಮನೆಯಲ್ಲಿ 2025ರ ಬೇಸಿಗೆಯುದ್ದಕ್ಕೂ ಒಂದೇ ಜಗಳ. "ಗಾಡ್ಯಾಗ ಪೆಟ್ರೋಲ್ ವಾಸನಿ ಬರಾಕತ್ತೈತ್ರಿ" ಎಂದು ಹೆಂಡತಿ ಅನ್ನುವುದು, "ಏನೂ ಇಲ್ಲ, ನಿನ್ನ ಭ್ರಮೆ" ಎಂದು ಮಾಸ್ತರರು ಅನ್ನುವುದು. ಮೂವತ್ತು ವರ್ಷ ಮಕ್ಕಳಿಗೆ ಪ್ರಮೇಯಗಳನ್ನು ಸಾಧಿಸಿ ತೋರಿಸಿದ ಮಾಸ್ತರರು ಹೆಂಡತಿಯಿಂದಲೂ ಸಾಧನೆ ಕೇಳುತ್ತಿದ್ದರು. ವಾಸನೆಯನ್ನು ಹೇಗೆ ಸಾಧಿಸಿ ತೋರಿಸುವುದು? ಆಕೆ ಸುಮ್ಮನಾಗುತ್ತಿದ್ದರು. ಮರುದಿನ ಮತ್ತೆ ಅದೇ ಮಾತು.

ಕಾರು 2007ರದ್ದು, ಚಿಕ್ಕದು. ಹದಿನೈದು ವರ್ಷ ತುಂಬಿದಾಗ, 2022ರಲ್ಲಿ, ನೋಂದಣಿ ನವೀಕರಿಸಿಕೊಂಡು ಇನ್ನೈದು ವರ್ಷದ ಆಯುಷ್ಯ ಪಡೆದಿತ್ತು. ಅದರ ಓಡಾಟವೂ ಹೆಚ್ಚಿನದಲ್ಲ. ಮಗಳ ಮನೆ ರಬಕವಿಯಲ್ಲಿ, ಮಗನ ಮನೆ ಮುಧೋಳದಲ್ಲಿ, ಹೆಂಡತಿಯ ತವರು ಬೀಳಗಿಯಲ್ಲಿ. ಈ ಮೂರು ಊರು ಬಿಟ್ಟರೆ ಆ ಕಾರಿಗೆ ನಾಲ್ಕನೆಯ ದಿಕ್ಕು ಗೊತ್ತಿಲ್ಲ. ಮಾಸ್ತರರು ಮುಂದೆ, ಹೆಂಡತಿ ಹಿಂದಿನ ಸೀಟಿನಲ್ಲಿ. ಮೊಮ್ಮಗಳು ಜೊತೆಗಿದ್ದರೆ ಅಜ್ಜಿಯ ತೊಡೆಯ ಮೇಲೆ.

ಜಗಳ ಬರೀ ಜಗಳವಾಗಿಯೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮುಧೋಳದಿಂದ ಬರುವಾಗ ಮೊಮ್ಮಗಳು ತಲೆನೋವೆಂದು ಅತ್ತು, ಜಮಖಂಡಿಯ ಹತ್ತಿರ ವಾಂತಿ ಮಾಡಿಕೊಂಡಳು. ಬಿಸಿಲಿಗೆ ಹಾಗಾಗಿದೆ ಎಂದರು ಮಾಸ್ತರರು. ಹೆಂಡತಿ ಏನೂ ಅನ್ನಲಿಲ್ಲ. ಮುಂದಿನ ವಾರ ರಬಕವಿಗೆ ಹೊರಡುವ ಹೊತ್ತಿಗೆ ಮಾಸ್ತರರು ಕಾರು ತೆಗೆದು ನಿಂತರೆ, ಆಕೆ ಕೈಚೀಲ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದಿದ್ದರು.

ಆಗ ಮಾಸ್ತರರು ಗ್ಯಾರೇಜು ಹತ್ತಿದರು. ದೊಡ್ಡ ಊರಿನ ಒಂದು ಗ್ಯಾರೇಜಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬದಲಿಸಿದರು. ವಾಸನೆ ಹೋಗಲಿಲ್ಲ. ಫಿಲ್ಟರು ಬದಲಿಸಿದರು. ಹೋಗಲಿಲ್ಲ. ಮೂರನೆಯ ಸಲ ಪಂಪು ಬದಲಿಸಬೇಕೆಂದು ಹೇಳಿ, ಐದಂಕಿಗೆ ಮುಟ್ಟುವ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಕಾರಿಗೆ ಬರುವ ಬೆಲೆಯೇ ಅದರ ಮೂರೋ ನಾಲ್ಕೋ ಪಟ್ಟು. ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ ಮಾಸ್ತರರು ಗಾಡಿ ಮಾರುವ ಮಾತೆತ್ತಿದರು.

ಅಷ್ಟರಲ್ಲಿ ಊರಿನವರ ಅಭಿಪ್ರಾಯಗಳೂ ಬಂದಿದ್ದವು. "ಈಗಿನ ಪೆಟ್ರೋಲೇ ಹಂಗ್ರಿ. ಕಬ್ಬಿನ ಸಾರಾಯಿ ಬೆರಸ್ತಾರ, ವಾಸನಿ ಬರದ ಏನ್ ಮಾಡೀತು?" ಎಂಬುದು ಕಟ್ಟೆಯ ಮೇಲಿನ ತೀರ್ಪು. ಈ ಮಾತಿನಲ್ಲಿ ಅರ್ಧ ನಿಜವಿತ್ತು. ಜಮಖಂಡಿ, ಮುಧೋಳ, ಬೀಳಗಿ ಎಂದರೆ ಕಬ್ಬಿನ ಸೀಮೆ. ಸಮೀರವಾಡಿಯಂತಹ ಕಡೆ ಕಬ್ಬಿನಿಂದ ಸಕ್ಕರೆಯಷ್ಟೇ ಅಲ್ಲ, ಎಥೆನಾಲೂ ತಯಾರಾಗುತ್ತದೆ. ನೂರು ಪಾಲಿಗೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಇ-20 ಪೆಟ್ರೋಲಿಗೆ ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಅದು ದೇಶದ ಎಲ್ಲ ಕಡೆಯ ಪಂಪುಗಳಿಗೂ ಬಂತು. ನಮ್ಮ ಹೊಲದ ಕಬ್ಬು ಹೀಗೆ ಸುತ್ತಿ ಬಳಸಿ ನಮ್ಮದೇ ಕಾರಿನ ಟ್ಯಾಂಕಿಗೆ ಬಂದಿತ್ತು.

ಎಥೆನಾಲಿನದೊಂದು ವಿಚಿತ್ರ ಗುಣವಿದೆ. ಒಂಟಿಯಾಗಿದ್ದಾಗ ಅದು ಪೆಟ್ರೋಲಿನಷ್ಟು ಚುರುಕಾಗಿ ಆವಿಯಾಗುವುದಿಲ್ಲ. ಆದರೆ ಸ್ವಲ್ಪ ಪ್ರಮಾಣದಲ್ಲಿ ಪೆಟ್ರೋಲಿಗೆ ಬೆರೆತರೆ ಇಡೀ ಮಿಶ್ರಣದ ಆವಿಯ ಒತ್ತಡ ಏರುತ್ತದೆ. ಹಳೆಯ ಕಾಲದ ಕೆಲವು ಬಗೆಯ ರಬ್ಬರಿಗೂ ಅದು ಅಷ್ಟಾಗಿ ಹಿಡಿಸದು. ಹಾಗೆಂದು ಗಟ್ಟಿಯಾಗಿ ಮುಚ್ಚಿದ ಟ್ಯಾಂಕಿನಿಂದ ಆವಿ ತಾನಾಗಿ ಹೊರಗೆ ಬರುವುದಿಲ್ಲ. ವಾಸನೆ ಬಂದರೆ ಎಲ್ಲೋ ಬಾಗಿಲು ತೆರೆದಿದೆ ಎಂದೇ ಅರ್ಥ. ಪೆಟ್ರೋಲನ್ನು ಬೈದರೆ ಬಾಗಿಲು ಮುಚ್ಚುವುದಿಲ್ಲ.

ಈ ಬಾಗಿಲಿನ ಕತೆಯೂ ಸ್ವಾರಸ್ಯವಾಗಿದೆ. ಹಿಂದಿನ ಕಾರುಗಳಲ್ಲಿ ಟ್ಯಾಂಕಿನ ಆವಿ ನೇರವಾಗಿ ಗಾಳಿಗೆ ಹೋಗುತ್ತಿತ್ತು. ಬಿಸಿಲಿನಲ್ಲಿ ನಿಂತ ಒಂದು ಕಾರು ದಿನಕ್ಕೆ ಹತ್ತಾರು ಗ್ರಾಂ ಪೆಟ್ರೋಲನ್ನು ಹೀಗೆ ಗಾಳಿಗೆ ಬಿಡುತ್ತಿತ್ತು. ಅದರಿಂದೇನು ಎಂದು ಯಾರೂ ಕೇಳಿರಲಿಲ್ಲ. ಕೇಳಿದವನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಆರೀ ಹಾಗೆನ್-ಸ್ಮಿತ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞ. ಆತ ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತದೆಂದು ಹುಡುಕುತ್ತಿದ್ದವನು. ಲಾಸ್ ಏಂಜಲೀಸಿನಲ್ಲಿ ಕಣ್ಣು ಉರಿಸುವ ಹೊಗೆಮಂಜು ಕವಿಯತೊಡಗಿದಾಗ ಅನಾನಸನ್ನು ಬದಿಗಿಟ್ಟು ಊರಿನ ಗಾಳಿಯನ್ನೇ ಪರೀಕ್ಷೆಗೆ ತೆಗೆದುಕೊಂಡ. ಪೆಟ್ರೋಲಿನ ಆವಿ ಮತ್ತು ವಾಹನಗಳ ಹೊಗೆ ಬಿಸಿಲಿನಲ್ಲಿ ಬೆರೆತು ಆ ವಿಷಮಂಜು ಹುಟ್ಟುತ್ತದೆಂದು 1950ರ ದಶಕದಲ್ಲಿ ತೋರಿಸಿಕೊಟ್ಟ. ಮುಂದೆ 1970ರ ಮಾದರಿಯ ಕಾರುಗಳಿಗೆ ಕ್ಯಾಲಿಫೋರ್ನಿಯಾದಲ್ಲಿ, ಮರುವರ್ಷ ಅಮೆರಿಕದಾದ್ಯಂತ, ಆವಿಯನ್ನು ಹಿಡಿದಿಡುವ ವ್ಯವಸ್ಥೆ ಕಡ್ಡಾಯವಾಯಿತು.

ಹಿಡಿದಿಡುವುದು ಹೇಗೆ? ಇದ್ದಿಲಿನಿಂದ. ಒಲೆಯ ಇದ್ದಿಲಲ್ಲ, ವಿಶೇಷವಾಗಿ ಹದಮಾಡಿದ ಇದ್ದಿಲು. ತೆಂಗಿನ ಚಿಪ್ಪಿನಿಂದಲೂ ಇಂತಹದನ್ನು ಮಾಡುತ್ತಾರೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ರಂಧ್ರಗಳು ಎಷ್ಟಿರುತ್ತವೆಂದರೆ, ಒಂದೇ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರು ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಹೊಲ! ಟ್ಯಾಂಕಿನ ಆವಿ ಕೊಳವೆಯ ಮೂಲಕ ಈ ಇದ್ದಿಲಿನ ಡಬ್ಬಿಗೆ ಬಂದು ಅಂಟಿಕೊಳ್ಳುತ್ತದೆ. ಇಂಜಿನ್ನು ಓಡುವಾಗ ಒಂದು ಕವಾಟ ತೆರೆದುಕೊಂಡು, ಡಬ್ಬಿಯೊಳಗಿನ ಆವಿಯನ್ನು ಎಳೆದು ಸುಡುತ್ತದೆ. ಡಬ್ಬಿ ಮತ್ತೆ ಖಾಲಿ. ಟ್ಯಾಂಕಿನಿಂದ ಇಂಜಿನ್ನಿನವರೆಗೆ ಮುಚ್ಚಳ, ಕೊಳವೆ, ಡಬ್ಬಿ, ಕವಾಟ ಇಷ್ಟೂ ಸೇರಿ ಒಂದು ಮುಚ್ಚಿದ ಮನೆ. ಅದರಲ್ಲಿ ಎಲ್ಲಿ ಬಿರುಕು ಬಿಟ್ಟರೂ ವಾಸನೆ.

ಅಮೆರಿಕದಲ್ಲಿ 1996ರಿಂದ ಒಂದು ಮಿಲಿಮೀಟರ್ ತೂತಾದರೂ, 2000ದ ನಂತರ ಅರ್ಧ ಮಿಲಿಮೀಟರ್ ತೂತಾದರೂ ಕಾರು ತಾನೇ ಕಂಡುಹಿಡಿದು ಎದುರಿನ ಫಲಕದಲ್ಲಿ ದೀಪ ಹೊತ್ತಿಸಬೇಕೆಂಬ ನಿಯಮ ಬಂತು. ಮಾಸ್ತರರ 2007ರ ಕಾರಿಗೆ ಅಂತಹ ದೀಪದ ಭಾಗ್ಯವಿರಲಿಲ್ಲ. ಅದಕ್ಕಿದ್ದ ದೀಪವೆಂದರೆ ಹಿಂದಿನ ಸೀಟಿನಲ್ಲಿ ಕೂತ ಆಕೆಯ ಮೂಗು. ಆ ದೀಪ ಹೊತ್ತಿತ್ತು. ನೋಡುವವರಿರಲಿಲ್ಲ.

ಇಲ್ಲಿ ಮಾಸ್ತರರ ಗುಟ್ಟೊಂದನ್ನು ಹೇಳಬೇಕು. 2021ರ ಮೇ ತಿಂಗಳಲ್ಲಿ ಅವರಿಗೆ ಕೊರೊನಾ ಬಂದಿತ್ತು. ಜ್ವರ ಇಳಿಯಿತು, ಸುಸ್ತು ಹೋಯಿತು. ಹೋದ ವಾಸನೆಯ ಶಕ್ತಿ ಮಾತ್ರ ಮರಳಲಿಲ್ಲ. ಬಹಳ ಜನರಿಗೆ ಕೆಲವೇ ವಾರಗಳಲ್ಲಿ ಮರಳಿದ ಆ ಶಕ್ತಿ ಕೆಲವರಿಗೆ ಮರಳದೇ ಉಳಿಯಿತು. ಆ ಕೆಲವರಲ್ಲಿ ಅವರೊಬ್ಬರು. ಮೊದಮೊದಲು "ಇನ್ನೂ ಬಂದಿಲ್ಲ" ಎನ್ನುತ್ತಿದ್ದರು. ಆರು ತಿಂಗಳು ಕಳೆದ ಮೇಲೆ ಕೇಳಿದವರಿಗೆ ಉತ್ತರ ಹೇಳಿ ಬೇಸರವಾಗಿ "ಬಂತು, ಬಂತು" ಎಂದುಬಿಟ್ಟರು. ಅಂದಿನಿಂದ ಹೋಳಿಗೆಗೆ ತುಪ್ಪ ಬಡಿಸಿದಾಗ "ಘಮ್ ಅಂತೈತಿ" ಎನ್ನುವುದು, ಮೊದಲ ಮಳೆ ಬಿದ್ದಾಗ ಬಾಗಿಲಿಗೆ ಬಂದು ಮೂಗರಳಿಸುವುದು, ಎಲ್ಲವನ್ನೂ ನೆನಪಿನ ಬಲದಿಂದ ನಡೆಸಿಕೊಂಡು ಬಂದಿದ್ದರು. ನಾಲ್ಕು ವರ್ಷದ ನಾಟಕ. ಈಗ "ನನಗೆ ಪೆಟ್ರೋಲ್ ವಾಸನೆ ತಿಳಿಯುವುದಿಲ್ಲ" ಎಂದರೆ ಆ ನಾಟಕದ ಪರದೆ ಬೀಳುತ್ತದೆ. ಅದಕ್ಕೇ "ವಾಸನೆ ಇಲ್ಲ" ಎನ್ನುವುದು ಸುಲಭವಾಗಿ ಕಂಡಿತು. ತನಗೆ ತಿಳಿಯದ್ದು ಲೋಕದಲ್ಲೇ ಇಲ್ಲ ಎಂದು ವಾದಿಸುವುದು ಗಣಿತದ ಮಾಸ್ತರರಿಗೆ ತಕ್ಕ ಮಾತಲ್ಲ. ಆದರೆ ಮನುಷ್ಯ ಸ್ವಭಾವ.

ಕೊನೆಗೆ ಮನೆಗೆ ಬಂದವನು ಬನಹಟ್ಟಿಯ ಒಬ್ಬ ಮಿಸ್ತ್ರಿ. ನೇಕಾರರ ಮನೆಯ ಹುಡುಗ, ಮಗ್ಗ ಬಿಟ್ಟು ಪಾನಾ ಹಿಡಿದವನು. ಒಂದು ಕಾಲಕ್ಕೆ ಮಾಸ್ತರರ ಕೈಯಲ್ಲಿ ಕಲಿತವನೂ ಹೌದು. ರಬಕವಿಯ ಅಳಿಯನ ಬೈಕು ರಿಪೇರಿ ಮಾಡುವಾಗ ಸುದ್ದಿ ಕೇಳಿ, ಒಂದು ಭಾನುವಾರ ಬೆಳಿಗ್ಗೆ ಜಮಖಂಡಿಗೆ ಬಂದ. ಬಂದವನು ಕಾರಿನ ಬಾನೆಟ್ಟು ಎತ್ತಲಿಲ್ಲ. ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಕೇಳಿದ:

"ವಾಸನಿ ಯಾವಾಗ ಬರ್ತೈತ್ರಿ ಸರ್?"

"ಬರೂದಿಲ್ಲೋ ಮಾರಾಯಾ, ಇವರಿಗಷ್ಟ ಬರ್ತೈತಿ."

"ಹಂಗಾದ್ರ ಅವ್ವಾರನ್ನ ಕೇಳ್ಬೇಕು" ಎಂದು ಮಿಸ್ತ್ರಿ ಅಡಿಗೆಮನೆಯ ಬಾಗಿಲ ಕಡೆ ತಿರುಗಿದ. "ಅವ್ವಾರ, ದಿನಾ ಬರ್ತೈತೋ, ಒಮ್ಮೊಮ್ಮೆ ಬರ್ತೈತೋ?"

ಇಷ್ಟು ದಿನದಲ್ಲಿ ಆಕೆಯನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಆಕೆ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದರು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರು ಅದು. ಒಂದು ಲೀಟರಿಗೆ ಒಂದು ಗೀಟು, ಹಾಲು ಬರದ ದಿನಕ್ಕೆ ಸೊನ್ನೆ. ಅದರ ಪಕ್ಕದಲ್ಲಿ ಕೆಲವು ತಾರೀಖುಗಳಿಗೆ ಸಣ್ಣದಾಗಿ "ವಾ" ಎಂದು ಬರೆದಿತ್ತು. ಮಾಸ್ತರರು ಅದನ್ನು ದಿನವೂ ನೋಡುತ್ತಿದ್ದರು. ವಾರವೋ ವಾಯಿದೆಯೋ ಏನೋ ಹೆಂಗಸರ ಲೆಕ್ಕ ಎಂದುಕೊಂಡಿದ್ದರು. "ವಾ" ಎಂದರೆ ವಾಸನೆ. ಅವರು ಕೇಳುತ್ತಿದ್ದ ಸಾಧನೆ ಮೂರು ತಿಂಗಳಿಂದ ಅವರದೇ ಅಡಿಗೆಮನೆಯ ಗೋಡೆಯ ಮೇಲೆ ತೂಗುತ್ತಿತ್ತು.

ಮಿಸ್ತ್ರಿ ಎಣಿಸಿದ. ಹನ್ನೊಂದು "ವಾ"ಗಳು. ಮಾಸ್ತರರು ತಮ್ಮ ಡೈರಿ ತಂದರು. ಗಾಡಿ ಎಲ್ಲಿಗೆ ಹೋಯಿತು, ಎಷ್ಟು ಪೆಟ್ರೋಲು ಹಾಕಿಸಿದ್ದು ಎಂಬ ಲೆಕ್ಕ ಅದರಲ್ಲಿ ಅಚ್ಚುಕಟ್ಟಾಗಿತ್ತು. ಎರಡನ್ನೂ ಎದುರುಬದುರು ಇಟ್ಟರು. ಹನ್ನೊಂದರಲ್ಲಿ ಒಂಬತ್ತು ದಿನ ಗಾಡಿ ಮುಧೋಳಕ್ಕೆ ಹೋಗಿ ಬಂದಿತ್ತು. ರಬಕವಿಗೆ ಹೋದ ಒಂದು ದಿನವೂ "ವಾ" ಇಲ್ಲ.

"ನೋಡು, ಮುಧೋಳದ ಪಂಪಿನ ಪೆಟ್ರೋಲೇ ಸರಿ ಇಲ್ಲ!" ಎಂದರು ಮಾಸ್ತರರು. ಮಗ ಹಣ ಕೊಡುತ್ತಾನೆಂದು ಅವರು ಪ್ರತಿ ಸಲವೂ ಮುಧೋಳದಲ್ಲೇ ಪೆಟ್ರೋಲು ಹಾಕಿಸುತ್ತಿದ್ದರು. ಒಂಬತ್ತು ಸಾಕ್ಷಿಗಳು ಒಂದೇ ಮಾತು ಹೇಳಿದರೆ ತೀರ್ಪಿಗೆ ಇನ್ನೇನು ಬೇಕು?

"ಉಳದ ಎರಡು, ಸರ್?" ಎಂದ ಶಿಷ್ಯ.

ಉಳಿದ ಎರಡು ದಿನ ಬೀಳಗಿಗೆ ಹೋದದ್ದು. ಆಗ ಮುಧೋಳದ ಹಾದಿಯನ್ನೇ ತುಳಿದಿರಲಿಲ್ಲ. ಪೆಟ್ರೋಲು ಹಾಕಿಸಿದ್ದು ಜಮಖಂಡಿಯಲ್ಲೇ. ಆದರೆ ದೂರದ ಹಾದಿಯೆಂದು ಎರಡೂ ಸಲ ಟ್ಯಾಂಕು ತುಂಬಿಸಿದ್ದರು. ಮುಧೋಳದಲ್ಲಿಯೂ ಅಷ್ಟೇ. ಮಗನ ಹಣವಾದ್ದರಿಂದ ಯಾವಾಗಲೂ ಪೂರ್ತಿ ಟ್ಯಾಂಕು. ರಬಕವಿಗೆ ಹೋಗುವಾಗ ಮಾತ್ರ ಇದ್ದಷ್ಟರಲ್ಲೇ, ಅರ್ಧವೋ ಕಾಲೋ. ಹನ್ನೊಂದು ದಿನಕ್ಕೂ ಸಾಮಾನ್ಯವಾದ ಅಂಶ ಊರೂ ಅಲ್ಲ, ಪಂಪೂ ಅಲ್ಲ. ತುಂಬಿದ ಟ್ಯಾಂಕು.

"ಪಂಪ್ ತಾನಾಗಿ ನಿಂತ ಮ್ಯಾಲೂ ಹಾಕಸ್ತೀರೇನ್ರಿ ಸರ್?"

"ರೌಂಡ್ ಫಿಗರ್ ಮಾಡ್ತೀನಪ್ಪಾ."

ಮಿಸ್ತ್ರಿ ನಕ್ಕ. ನಳಿಕೆ ತಾನಾಗಿ ನಿಂತ ಮೇಲೆ ಟ್ಯಾಂಕಿನಲ್ಲಿ ಉಳಿಯುವ ಜಾಗ ಆವಿ ಹಿಗ್ಗುವುದಕ್ಕೆಂದೇ ಬಿಟ್ಟದ್ದು. ಲೆಕ್ಕ ಸರಿದೂಗಿಸಲು ಅಲ್ಲಿಯೂ ಪೆಟ್ರೋಲು ತುಂಬಿದರೆ ಅದು ಆವಿಯ ಕೊಳವೆಗೆ ಏರುತ್ತದೆ. ಇದ್ದಿಲಿನ ಡಬ್ಬಿಗೇ ಇಳಿದರೆ ಇದ್ದಿಲು ನೆನೆದು ಕೆಲಸಕ್ಕೆ ಬಾರದಾಗುತ್ತದೆ. ಲೆಕ್ಕದ ಮಾಸ್ತರರಿಗೆ ದುಂಡು ಸಂಖ್ಯೆಯ ಮೋಹ ಇಂತಹ ಕಡೆ ಮುಳುವಾಗಿತ್ತು.

"ಇನ್ನೊಂದ್ ಹೇಳ್ರಿ ಅವ್ವಾರ, ಮುಂದ ಹೆಚ್ಚೋ, ಹಿಂದ ಹೆಚ್ಚೋ?"

"ಹಿಂದ. ನನ್ನ ಎಡಕ. ಗಾಡಿ ನಿಂತ ಮ್ಯಾಲೆ ಹೆಚ್ಚು. ರಾತ್ರಿ ಇಟ್ಟ ಕಡೆನೂ ಬರ್ತೈತಿ."

ರಾತ್ರಿ ಇಡುವ ಜಾಗ ಎಲ್ಲಿ ಎಂದು ಮಿಸ್ತ್ರಿ ಎದ್ದು ನೋಡಿದ. ಮನೆಯ ಬದಿಯ ತಗಡಿನ ಶೆಡ್ಡು. ಮೂರು ಕಡೆ ಗೋಡೆ. ಒಂದು ಗೋಡೆಯ ಆಚೆಗೆ ಬಚ್ಚಲು, ಅಲ್ಲಿ ನೀರು ಕಾಯಿಸುವ ಒಲೆ. ಒಲೆಗೆ ಕಟ್ಟಿಗೆ ಒಟ್ಟುವ ಬಾಯಿ ಇದ್ದದ್ದು ಶೆಡ್ಡಿನ ಕಡೆಗೆ, ನೆಲಮಟ್ಟದಲ್ಲಿ. ಬೆಳಗಿನ ಐದೂವರೆಗೆ ಎದ್ದು ಆ ಒಲೆ ಹೊತ್ತಿಸುವವರು ಮಾಸ್ತರರು.

ಅದುವರೆಗೆ ನಗುತ್ತಿದ್ದ ಮಿಸ್ತ್ರಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹಾರಿ ಹೋಗುವುದಿಲ್ಲ, ನೀರಿನಂತೆ ನೆಲ ಹಿಡಿದು ಹರಿಯುತ್ತದೆ, ತಗ್ಗು ಹುಡುಕುತ್ತದೆ. ನೂರು ಪಾಲು ಗಾಳಿಯಲ್ಲಿ ಒಂದೂವರೆ ಪಾಲು ಆವಿ ಸೇರಿದರೂ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆ ಮಟ್ಟ ಮುಟ್ಟುವುದಕ್ಕೆ ಬಹಳ ಮೊದಲೇ, ಹತ್ತು ಲಕ್ಷದಲ್ಲಿ ಒಂದು ಪಾಲು ಇರುವಾಗಲೇ, ಮನುಷ್ಯನ ಮೂಗಿಗೆ ಅದು ತಿಳಿಯುತ್ತದೆ. "ಅದಕ್ಕ ದೇವ್ರು ಮೂಗು ಕೊಟ್ಟಾನ್ರಿ ಸರ್" ಎಂದ, ಏನೂ ಅರಿಯದೆ. ಮಾಸ್ತರರು ಒಲೆಯ ಬಾಯಿಯನ್ನೇ ನೋಡುತ್ತ ನಿಂತರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ಹಿಡಿದರು. ಶೆಡ್ಡಿನ ನಾಲ್ಕನೆಯ ಕಡೆ ಬಯಲಾಗಿದ್ದರಿಂದ ಗಾಳಿ ಆಡಿ ಇಷ್ಟು ದಿನ ಬಚಾವಾಗಿತ್ತು, ಅಷ್ಟೇ.

ಎಂದಿನ ಗ್ಯಾರೇಜಿನವರಾದರೆ ಅಂದಾಜಿನ ಮೇಲೆ ಇನ್ನೊಂದು ಭಾಗ ಬದಲಿಸುತ್ತಿದ್ದರು. ಈತ ನೇಕಾರನ ಮಗ. "ನಮ್ಮಪ್ಪ ಹೇಳ್ತಿದ್ದ, ಒಂದ್ ಎಳಿ ಹರದೈತಂತ ಇಡೀ ಹಾಸು ಬಿಚ್ಚೂದಲ್ಲ. ಆದ್ರ ಆ ಎಳಿ ಸಿಗೂತನಾ ಮಗ್ಗ ನಡಸಬಾರ್ದು" ಎಂದು, ಅಂದಿನಿಂದ ಕಾರು ಓಡಿಸುವುದು ಬೇಡವೆಂದ. ಮುಧೋಳದಿಂದ ಬಂದಿದ್ದ ಮಗ, "ವಾಸನಿ ಹಿಡಿಯಾಕ ನಮ್ಮೂರ ನಾಯಿ ತರಲೇನು?" ಎಂದು ನಗೆಯಾಡಿದ. ಮಿಸ್ತ್ರಿಯ ಉತ್ತರ ತಯಾರಿತ್ತು. ಮುಧೋಳದ ಬೇಟೆನಾಯಿ ಬೇಟೆಯಾಡುವುದು ಹೆಚ್ಚಾಗಿ ಕಣ್ಣಿನ ಬಲದಿಂದ, ಮೂಗಿನಿಂದಲ್ಲ. ದೂರದಲ್ಲಿ ಅಲುಗಿದ್ದನ್ನು ಕಂಡು ಬೆನ್ನಟ್ಟುವ ಜಾತಿ ಅದು. "ನಾವೂ ಹಂಗ ಮಾಡೂದು. ವಾಸನಿ ಕಣ್ಣಿಗೆ ಕಾಣೂವಂಗ ಮಾಡೂದು."

ದೊಡ್ಡ ಊರುಗಳಲ್ಲಿ ಇದಕ್ಕೆ ಹೊಗೆಯ ಯಂತ್ರಗಳಿವೆ. ಮುಚ್ಚಿದ ಕೊಳವೆಗಳಿಗೆ ಎಣ್ಣೆಯ ತೆಳು ಹೊಗೆ ತುಂಬುತ್ತಾರೆ. ಬಿರುಕಿದ್ದಲ್ಲಿ ಹೊಗೆಯ ಎಳೆ ಹೊರಗೆ ಬರುತ್ತದೆ. ಬನಹಟ್ಟಿಯ ಮಿಸ್ತ್ರಿಯ ಹತ್ತಿರ ಅದಿರಲಿಲ್ಲ. ಮರುದಿನ ಬೆಳಿಗ್ಗೆ ಆತ ತಂದದ್ದು ಸ್ಕೂಟರಿನ ಒಂದು ಹಳೆಯ ಟ್ಯೂಬು, ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಕೊಳವೆಯ ತುಂಡು, ಸಾಬೂನಿನ ನೀರು, ಒಂದು ಕುಂಚ. ಟ್ಯೂಬಿನಲ್ಲಿ ಟಯರ್ ಅಂಗಡಿಯಿಂದ ತುಂಬಿಸಿಕೊಂಡು ಬಂದ ಸಾರಜನಕ. ಸಾದಾ ಗಾಳಿ ಏಕಾಗದು? ಪೆಟ್ರೋಲಿನ ಆವಿ ಇದ್ದಲ್ಲಿ ಗಾಳಿ ತುಂಬುವುದು ಬೆಂಕಿಗೆ ಉಸಿರು ಕೊಟ್ಟಂತೆ. ಸಾರಜನಕ ಉರಿಯುವುದೂ ಇಲ್ಲ, ಉರಿಯಲು ಬಿಡುವುದೂ ಇಲ್ಲ.

ಕಾರನ್ನು ಶೆಡ್ಡಿನಿಂದ ತಳ್ಳಿ ಬಯಲಿನ ಬೇವಿನ ಗಿಡದ ಕೆಳಗೆ ತಂದರು. ಬ್ಯಾಟರಿಯ ತಂತಿ ಬಿಚ್ಚಿದರು. ಒಲೆ ಆರಿಸಿದರು. ಬೀಡಿ ಸೇದುವ ನೆರೆಮನೆಯವರನ್ನು ಆಚೆ ಕಳಿಸಿದರು. ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧಕ್ಕೆ ನೀರು ತುಂಬಿ, ಪಕ್ಕದಲ್ಲಿ ಮಾಸ್ತರರ ಕಟ್ಟಿಗೆಯ ಅಳತೆಪಟ್ಟಿ ಇಟ್ಟರು. ಅದರ ಒಂದು ತುದಿಯನ್ನು ಕಾರಿನ ಆವಿಯ ಕೊಳವೆಗೆ ಜೋಡಿಸಿ, ಉಳಿದ ಬಾಯಿಗಳನ್ನೆಲ್ಲ ಮುಚ್ಚಿ, ಟ್ಯೂಬಿನ ಸಾರಜನಕವನ್ನು ಮೆಲ್ಲಗೆ ಬಿಟ್ಟರು. ಒಂದು ಕಡೆಯ ನೀರು ಇಳಿದು, ಇನ್ನೊಂದು ಕಡೆ ಏರಿತು. ಎರಡರ ನಡುವೆ ಒಂದು ಅಡಿ ಅಂತರ ಬಂದಾಗ ನಿಲ್ಲಿಸಿದರು. ಟಯರಿನಲ್ಲಿ ಮೂವತ್ತು ಪೌಂಡು ಗಾಳಿ ಇರುತ್ತದಲ್ಲ, ಅದರ ಎಪ್ಪತ್ತನೆಯ ಒಂದು ಪಾಲಿನಷ್ಟು ಒತ್ತಡ ಇದು. ಇದಕ್ಕಿಂತ ಹೆಚ್ಚು ಕೊಟ್ಟರೆ ಇಲ್ಲದ ಬಿರುಕನ್ನು ನಾವೇ ಹುಟ್ಟಿಸಿದಂತಾಗುತ್ತದೆ.

ಗಡಿಯಾರ ಹಿಡಿದವರು ಮಾಸ್ತರರು. ಕಣ್ಣೆದುರೇ ಅಂತರ ಕರಗತೊಡಗಿತು. ಎರಡು ನಿಮಿಷಕ್ಕೆ ನಾಲ್ಕು ಅಂಗುಲ. ವಾಸನೆಗೆ ಮೂಗು ಬೇಕು, ಆದರೆ ಅಂಗುಲಕ್ಕೆ ಕಣ್ಣು ಸಾಕು. ಮಾಸ್ತರರು ಡೈರಿಯಲ್ಲಿ ಬರೆದುಕೊಂಡರು: "ಸೋರಿಕೆ ಇದೆ." ಆಮೇಲೆ ಹೆಂಡತಿಯ ಕಡೆ ನೋಡದೆಯೇ "ನೀ ಹೇಳಿದ್ದು ಖರೇ" ಎಂದರು.

ಸೋರಿಕೆ ಇದೆ ಎಂದು ತಿಳಿದದ್ದು ಅರ್ಧ ಕೆಲಸ. ಎಲ್ಲಿ ಎಂಬುದು ಉಳಿದರ್ಧ. ಮಿಸ್ತ್ರಿ ಇದ್ದಿಲಿನ ಡಬ್ಬಿಯ ಕಡೆಗೆ ಹೋಗುವ ಕೊಳವೆಯನ್ನು ಚಿಮಟಿಗೆಯಿಂದ ಒತ್ತಿ ಹಿಡಿದು ಮತ್ತೆ ಪರೀಕ್ಷಿಸಿದ. ನೀರು ಮೊದಲಿನಂತೆಯೇ ಇಳಿಯಿತು. ಅಂದರೆ ಡಬ್ಬಿ, ಕವಾಟ, ಇಂಜಿನ್ನಿನ ಕಡೆಯ ಕೊಳವೆಗಳು ನಿರಪರಾಧಿಗಳು. ಮುಚ್ಚಳದ ಸುತ್ತ ಸಾಬೂನಿನ ನೀರು ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ಹಣ ಕೊಟ್ಟು ಬದಲಿಸಿದ ಮುಚ್ಚಳ! ಹಳೆಯದಕ್ಕೂ ಏನೂ ಆಗಿರಲಿಲ್ಲ. ಪಂಪಿನ ಬಾಯಿಯ ಸುತ್ತ ಹಚ್ಚಿದ. ಅಲ್ಲಿಯೂ ಇಲ್ಲ. ಐದಂಕಿಯ ಚೀಟಿ ಮಾಸ್ತರರ ಜೇಬಿನಲ್ಲಿ ಇನ್ನೂ ಇತ್ತು.

ಉಳಿದದ್ದು ಪೆಟ್ರೋಲು ಹಾಕುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ದಾರಿ. ಹಿಂದಿನ ಎಡಗಾಲಿ ಬಿಚ್ಚಿ, ಅದರ ಮೇಲಿನ ಮಣ್ಣು ತಡೆಯುವ ಹೊದಿಕೆ ತೆಗೆದ. ಹದಿನೆಂಟು ವರ್ಷದ ಕರಿಮಣ್ಣಿನ ಧೂಳು ಸುರಿಯಿತು. ಒಳಗೆ ಎರಡು ರಬ್ಬರು ಕೊಳವೆಗಳು. ಒಂದು ದಪ್ಪದ್ದು, ಪೆಟ್ರೋಲು ಇಳಿಯಲು. ಅದರ ಪಕ್ಕ ಬೆರಳು ಗಾತ್ರದ ಇನ್ನೊಂದು, ಪೆಟ್ರೋಲು ತುಂಬುವಾಗ ಒಳಗಿನ ಗಾಳಿ ಹಿಂದಕ್ಕೆ ಬರಲು. ಒರೆಸಿ ನೋಡಿದರೆ ಎರಡೂ ಸರಿಯಾಗಿಯೇ ಕಂಡವು. ಮಿಸ್ತ್ರಿ ಕುಂಚ ಅದ್ದಿ ನಿಧಾನವಾಗಿ ಹಚ್ಚುತ್ತ ಬಂದ. ಸಣ್ಣ ಕೊಳವೆ ಬಾಗುವಲ್ಲಿ, ಬಿಗಿಪಟ್ಟಿಯ ಅಂಚಿನ ಹಿಂದೆ, ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಒಡೆಯಿತು. ಮತ್ತೊಂದು ಎದ್ದಿತು.

"ಅವ್ವಾರ, ಬರ್ರಿ, ನಿಮ್ಮ ವಾಸನಿ ನೋಡ್ ಬರ್ರಿ" ಎಂದು ಕೂಗಿದ.

ಆಕೆ ಬಂದು ಬಗ್ಗಿ ನೋಡಿದರು. ಮಾಸ್ತರರೂ ಮೊಣಕಾಲೂರಿ ನೋಡಿದರು. ಕೊಳವೆಯನ್ನು ಬೆರಳಿನಿಂದ ಬಾಗಿಸಿದಾಗ ಉಗುರಿನಗಲದ ಒಂದು ಬಿರುಕು ಬಾಯಿ ತೆರೆಯಿತು. ಬಿಟ್ಟಾಗ ಮುಚ್ಚಿಕೊಂಡಿತು. ಸುಮ್ಮನೆ ನೋಡಿದರೆ ಕಾಣದೇ ಇದ್ದದ್ದು ಇದಕ್ಕೇ. ಟ್ಯಾಂಕು ಅರ್ಧವಿದ್ದಾಗ ಅಲ್ಲಿಂದ ಸ್ವಲ್ಪ ಆವಿ ಮಾತ್ರ ಹೊರಬಿದ್ದು, ಓಡುವ ಗಾಡಿಯ ಗಾಳಿಗೆ ಚದುರಿ ಹೋಗುತ್ತಿತ್ತು. ಕಂಠಪೂರ್ತಿ ತುಂಬಿದಾಗ ಪೆಟ್ರೋಲೇ ಅಲ್ಲಿಯವರೆಗೆ ಏರಿ, ತಿರುವಿನಲ್ಲಿ ಹೊಯ್ದಾಡಿ, ಬಿರುಕನ್ನು ಒದ್ದೆ ಮಾಡುತ್ತಿತ್ತು. ಆ ಒದ್ದೆ ಹಿಂದಿನ ಸೀಟಿನವರ ಎಡಕ್ಕೆ ಆವಿಯಾಗಿ ನುಗ್ಗುತ್ತಿತ್ತು, ರಾತ್ರಿ ಶೆಡ್ಡಿನ ನೆಲಕ್ಕೆ ಇಳಿಯುತ್ತಿತ್ತು. ಕ್ಯಾಲೆಂಡರಿನ ಹನ್ನೊಂದು "ವಾ"ಗಳಿಗೆ ಹನ್ನೊಂದೂ ಉತ್ತರ ಸಿಕ್ಕಿತು.

"ಎಥೆನಾಲ್ ತಿಂದೈತೇನೋ?" ಎಂದು ಮಾಸ್ತರರು ಕೇಳಿದರು. ಮಿಸ್ತ್ರಿ ತಲೆಯಾಡಿಸಿದ. ಎಥೆನಾಲೂ ಇರಬಹುದು. ಹದಿನೆಂಟು ಬೇಸಿಗೆ, ಗಾಲಿ ಎರಚಿದ ಕಲ್ಲು, ಅತಿಯಾಗಿ ಬಿಗಿದ ಪಟ್ಟಿ, ಇವೂ ಇರಬಹುದು. ಒಂದೇ ಒಂದನ್ನು ಹಿಡಿದು ಶಿಕ್ಷೆ ಕೊಡಲು ಆತ ಒಪ್ಪಲಿಲ್ಲ. ಹೊಸದನ್ನು ಹಾಕುವಾಗ ಮಾತ್ರ ಪೆಟ್ರೋಲಿಗೆಂದೇ ಮಾಡಿದ, ಎಥೆನಾಲ್ ತಡೆಯುವ ಕೊಳವೆಯೇ ಬೇಕೆಂದು ಹಟ ಹಿಡಿದ. ಜಮಖಂಡಿಯ ಅಂಗಡಿಯಲ್ಲಿ ಸಿಕ್ಕ ಸಾದಾ ಕೊಳವೆಯನ್ನು ಮುಟ್ಟಲಿಲ್ಲ. ನೀರಿನ ಪೈಪು ಹಾಕಿ ಹೊಲಿಗೆ ಹಾಕಿದಂತೆ ಮಾಡುವವರಿದ್ದಾರೆ, ಆರು ತಿಂಗಳಿಗೆ ಅದು ಉಬ್ಬಿ ಮೆತ್ತಗಾಗುತ್ತದೆ. ಹುಬ್ಬಳ್ಳಿಯಿಂದ ತರಿಸಲು ಎರಡು ದಿನ ಹಿಡಿಯಿತು. ಹೊಸ ಕೊಳವೆ, ಹೊಸ ಬಿಗಿಪಟ್ಟಿಗಳು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಡುವುದು ಜಾಣತನವಲ್ಲವೆಂದು ದಪ್ಪ ಕೊಳವೆಯನ್ನೂ ಬದಲಿಸಿದ. ಮತ್ತೆ ಯು ಕೊಳವೆ, ಮತ್ತೆ ಅಳತೆಪಟ್ಟಿ, ಮತ್ತೆ ಗಡಿಯಾರ. ಹತ್ತು ನಿಮಿಷ ಕಳೆದರೂ ನೀರು ಕದಲಲಿಲ್ಲ.

ಬಿರುಕು ಬಿಟ್ಟ ಗೇಣುದ್ದದ ಕೊಳವೆಗೆ ಬಿದ್ದ ಬೆಲೆ ಮುನ್ನೂರು ರೂಪಾಯಿಯ ಒಳಗೆ. ಕೆಲಸಕ್ಕೆ ಎಷ್ಟು ಎಂದರೆ ಮಿಸ್ತ್ರಿ ಹೇಳಲೊಲ್ಲ. "ಹುಡುಕಿದ್ದು ಅವ್ವಾರು, ನಾ ಏನ್ ಮಾಡೀನಿ?" ಎಂದ. ಮಾಸ್ತರರು ಬಿಡಲಿಲ್ಲ. ಬದಲಿಸಿದ್ದಕ್ಕೆ ಅರ್ಧ ಗಂಟೆಯ ಕೂಲಿ, ಹುಡುಕಿದ್ದಕ್ಕೆ ಎರಡು ದಿನದ ಕೂಲಿ ಎಂದು ಲೆಕ್ಕ ಹಾಕಿ ಕೊಟ್ಟರು. ಈ ಸಲ ದುಂಡು ಸಂಖ್ಯೆ ಮಾಡಿದ್ದು ಸರಿಯಾದ ಜಾಗದಲ್ಲಿ.

ಆ ರಾತ್ರಿ ಊಟವಾದ ಮೇಲೆ ಮಾಸ್ತರರು ಹೆಂಡತಿಗೆ ಹೇಳಿದರು: "ನನಗ ವಾಸನಿ ತಿಳಿಯೂದಿಲ್ಲ. ಅವತ್ತಿಂದ ಬಂದೇ ಇಲ್ಲ."

"ಗೊತ್ತೈತಿ" ಎಂದರು ಆಕೆ.

ಗೊತ್ತಾಗಿ ಮೂರು ವರ್ಷವಾಗಿತ್ತಂತೆ. ಒಮ್ಮೆ ಹಾಲು ಉಕ್ಕಿ ಸೀದು ಮನೆಯೆಲ್ಲ ಕಮಟು ತುಂಬಿದಾಗ ಮಾಸ್ತರರು ಅಡಿಗೆಮನೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದರು. ಅಂದಿನಿಂದ ರಾತ್ರಿ ಮಲಗುವ ಮುಂಚೆ ಗ್ಯಾಸಿನ ಗುಂಡಿಯನ್ನು ಎರಡು ಸಲ ನೋಡುವುದು ಆಕೆಯ ರೂಢಿ. ಅಡಿಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದು ಕೆಟ್ಟ ನಾತದ ವಸ್ತುವನ್ನು ಬೆರೆಸಿರುತ್ತಾರೆ. ಆ ಏರ್ಪಾಡೆಲ್ಲ ಮೂಗಿದ್ದವರಿಗೆ. ಇಲ್ಲದವರಿಗೆ ಮನೆಯಲ್ಲಿ ಇನ್ನೊಬ್ಬರಿರಬೇಕು.

"ಮತ್ತ ಯಾಕ ಹೇಳಲಿಲ್ಲ?"

"ನೀವು ಹೋಳಿಗಿ ಘಮ್ ಅಂತೈತಿ ಅಂದಾಗ ನನಗೂ ಚಲೋ ಅನಸ್ತಿತ್ತು."

ಕಾರು ಮಾರುವ ಮಾತು ಅಲ್ಲಿಗೆ ನಿಂತಿತು. ಮುಂದಿನ ವಾರ ಆಕೆ ಹಿಂದಿನ ಸೀಟಿನಲ್ಲಿ ಕೂತು ರಬಕವಿಗೆ ಹೋಗಿ ಬಂದರು. ಮುಧೋಳದ ಪಂಪಿನಲ್ಲಿ ನಳಿಕೆ ತಾನಾಗಿ ನಿಂತ ಕೂಡಲೇ "ಸಾಕು" ಎಂದು ಮಾಸ್ತರರು ಕೈ ತೋರಿಸುತ್ತಾರೆ, ಚಿಲ್ಲರೆ ಎಷ್ಟೇ ಬರಲಿ. ಬಚ್ಚಲ ಒಲೆಯ ಬಾಯಿಯನ್ನು ಗೌಂಡಿಯಿಂದ ಇನ್ನೊಂದು ಗೋಡೆಗೆ ತಿರುಗಿಸಿದ್ದಾರೆ. ಕ್ಯಾಲೆಂಡರಿನಲ್ಲಿ ಈಗ ಹಾಲಿನ ಗೀಟುಗಳು ಮಾತ್ರ.

ಆದರೂ ಬೆಳಗಿನ ಐದೂವರೆಗೆ, ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ಒಲೆಯ ಮುಂದೆ ಕೂತ ಮಾಸ್ತರರು ಒಳಗಿನ ಕಡೆ ಮುಖ ಮಾಡಿ ಕೇಳುತ್ತಾರೆ: "ಏನರ ವಾಸನಿ ಐತೇನು?"

ಆಕೆ ಬಂದು ಶೆಡ್ಡಿನ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. "ಇಲ್ರಿ" ಎನ್ನುತ್ತಾರೆ. ಆಮೇಲೆ ಅವರು ಕಡ್ಡಿ ಗೀರುತ್ತಾರೆ.